ಕನ್ನಡಕ್ಕೆ ಒಂದೇ ಸೀಟು

ನಾಲ್ಕನೇ ಮಾಳಿಗೆಯ ಟೀಚರಮ್ಮನ ಮೇಲೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಕೊನೆಯಲ್ಲಿ ಬರೆದರೆ ಮುಚ್ಚಿಟ್ಟಿದ್ದಳು ಅನ್ನುತ್ತೀರಿ. ಮುಚ್ಚಿಟ್ಟದ್ದು ಬೇರೆ ಒಂದಿದೆ, ಅದೂ ಬರುತ್ತದೆ.

ನಾನು ಕಲಿತದ್ದು ನಾಲ್ಕನೇ ಕ್ಲಾಸಿನ ತನಕ, ಕರಾವಳಿಯ ಒಂದು ಕನ್ನಡ ಶಾಲೆಯಲ್ಲಿ. ಮನೆಯಲ್ಲಿ ಬ್ಯಾರಿ ಮಾತು, ಅಮ್ಮನಿಗೆ ಉಮ್ಮ, ಅಪ್ಪನಿಗೆ ಉಪ್ಪ. ಬರೆಯಲಿಕ್ಕೆ ಬರುವುದು ಕನ್ನಡ ಒಂದೇ. ಈಗ ಇರುವುದು ಮಗಳ ಮನೆಯಲ್ಲಿ, ಮೊಮ್ಮಕ್ಕಳ ಜೊತೆ, ದೋಹಾದ ಓಲ್ಡ್ ಏರ್‌ಪೋರ್ಟ್ ಕಡೆಯ ಒಂದು ಫ್ಲ್ಯಾಟಿನಲ್ಲಿ, ಎರಡನೇ ಮಾಳಿಗೆ. ಮಗಳು ಮಿದುಳು ಮತ್ತು ನರದ ಡಾಕ್ಟರು. ಆಸ್ಪತ್ರೆಯ ಕೆಲಸ ಸಾಲದು ಎಂದು ಮೆಸಯೀದ್ ಕಡೆಯ ನರದ ಡಾಕ್ಟರುಗಳ ಸಣ್ಣ ಸಂಘಕ್ಕೆ ಅವಳೇ ಕಾರ್ಯದರ್ಶಿ. ಮೆಸಯೀದ್ ಎಂದರೆ ಕಾರ್ಖಾನೆಗಳ ಊರು. ನಮ್ಮ ಕಡೆಯ ಗಂಡಸರು ಅಲ್ಲಿ ಪೈಪು, ವೆಲ್ಡಿಂಗು, ಕ್ರೇನು ಎಂದು ಆಯುಷ್ಯ ಕಳೆಯುತ್ತಾರೆ. ನನ್ನ ಗಂಡನೂ ಅಲ್ಲೇ ಕಳೆದದ್ದು.

ಇಂಥ ಸಣ್ಣ ಸಂಘಗಳು ಮೂರಿವೆ. ದೋಹಾದ್ದು ಒಂದು, ಮೆಸಯೀದಿನದು ಒಂದು, ಉತ್ತರದ ಅಲ್ ಶಮಾಲ್ ಕಡೆಯದು ಒಂದು. ಅಲ್ ಶಮಾಲಿನದರಲ್ಲಿ ಡಾಕ್ಟರುಗಳು ನಾಲ್ಕೇ ಜನ. ಈ ಮೂರಕ್ಕೂ ಬೆನ್ನಿಗೆ ನಿಂತಿರುವುದು ಇಡೀ ದೇಶದ ಡಾಕ್ಟರುಗಳ ದೊಡ್ಡ ಸಂಘ. ನಾನು ಅದನ್ನು ಅತ್ತೆ ಮನೆ ಅನ್ನುತ್ತೇನೆ. ಯಾಕೆಂದರೆ ಅದು ಕೊಡುತ್ತದೆ, ಕೊಟ್ಟ ಮೇಲೆ ಹೇಗೆ ಬಳಸಿದಿರಿ ಎಂದು ಕೇಳುತ್ತದೆ, ಮೂವರು ಸೊಸೆಯರಿಗೂ ಸಮ ಕೊಟ್ಟೆ ಎಂದು ಹೇಳುತ್ತದೆ, ಮೂವರೂ ನಂಬುವುದಿಲ್ಲ.

ಏನು ಕೊಡುತ್ತದೆ? ಮೊಹರು ಹಾಕಿದ ಒಂದು ಕಾಗದ ಕೊಡುತ್ತದೆ. ಅದಿಲ್ಲದಿದ್ದರೆ ಕಾರ್ಮಿಕರಿಗೆ ಲಕ್ವದ ಬಗ್ಗೆ ಹೇಳಲು ಹೋದರೂ ಯಾವ ಕಂಪೆನಿಯ ಗೇಟೂ ತೆರೆಯುವುದಿಲ್ಲ, ನನ್ನ ಮಗಳು ಎಷ್ಟು ದೊಡ್ಡ ಡಾಕ್ಟರಾದರೂ ಸೆಕ್ಯುರಿಟಿಯವ ‘ಮಾಫಿ’, ಅಂದರೆ ಇಲ್ಲ, ಎಂದು ಕೈ ಆಡಿಸುತ್ತಾನೆ. ವರ್ಷಕ್ಕೊಮ್ಮೆ ಒಬ್ಬ ಪ್ರೊಫೆಸರನ್ನು ಕಳಿಸುತ್ತದೆ. ಕೈಪತ್ರಗಳನ್ನು ಹಲವು ಭಾಷೆಯಲ್ಲಿ ಅಚ್ಚು ಹಾಕಿಸುತ್ತದೆ. ರಬ್ಬರಿನ ಒಂದು ಮಿದುಳನ್ನು ಪೆಟ್ಟಿಗೆಯಲ್ಲಿಟ್ಟು ಮೂರು ಸಂಘಗಳಿಗೂ ತಿಂಗಳು ತಿಂಗಳು ಕಳಿಸುತ್ತದೆ. ಒಮ್ಮೆ ಅಲ್ ಶಮಾಲಿನವರು ಮಿದುಳನ್ನು ಎರಡು ತಿಂಗಳು ಇಟ್ಟುಕೊಂಡರು. ನನ್ನ ಮಗಳು ಮೂರು ದಿನ ಸರಿ ಊಟ ಮಾಡಲಿಲ್ಲ. “ದೊಡ್ಡ ಸಂಘದ ಪ್ರೆಸಿಡೆಂಟ್ ಸಹ ಅವರಲ್ಲಿಗೇ ಹೋದದ್ದು ಉಮ್ಮ, ನಮ್ಮಲ್ಲಿಗೆ ಬರ್ಲೇ ಇಲ್ಲ,” ಅಂದಳು. ಹೊಟ್ಟೆಕಿಚ್ಚು ಎಲ್ಲಿಂದ ಬಂತು ಅಂತ ಅವಳು ಯೋಚಿಸಬೇಕಾಗಿಲ್ಲ, ಹೆತ್ತವಳು ಎದುರಿಗೇ ಕೂತಿದ್ದೆ.

ಇದೆಲ್ಲಕ್ಕಿಂತ ದೊಡ್ಡದು ತರಬೇತಿ. ಕಾರ್ಮಿಕರ ಎದುರು ಡಾಕ್ಟರೇ ಮಾತಾಡಿದರೆ ಅವರು ನಿದ್ದೆ ಹೋಗುತ್ತಾರಂತೆ. ಆದ್ದರಿಂದ ಲಕ್ವ ಹೊಡೆದ ಮನೆಯವರೇ ಯಾರಾದರೂ ತಮ್ಮ ಕಥೆಯನ್ನು ತಮ್ಮ ಭಾಷೆಯಲ್ಲಿ ಹೇಳಬೇಕು, ಏಳು ನಿಮಿಷ. ಅದನ್ನು ಹೇಗೆ ಹೇಳುವುದೆಂದು ದೊಡ್ಡ ಸಂಘದವರು ಎರಡು ಬೆಳಿಗ್ಗೆ ಕೂರಿಸಿ ಕಲಿಸುತ್ತಾರೆ, ಕೊರಳಿಗೆ ಹಸಿರು ಪಟ್ಟಿಯ ಬ್ಯಾಡ್ಜು ಹಾಕುತ್ತಾರೆ. ಮಲಯಾಳಕ್ಕೆ ಮೂರು ಸೀಟು, ಹಿಂದಿಗೆ ಮೂರು. ಕನ್ನಡಕ್ಕೆ ಒಂದೇ.

ಆ ಒಂದು ಸೀಟಿಗೆ ನನ್ನ ಮಗಳು ಬರೆದದ್ದು ಟೀಚರಮ್ಮನ ಹೆಸರನ್ನು.

ನನಗೆ ಗೊತ್ತಾದದ್ದು ಲಿಫ್ಟಿನಲ್ಲಿ. ಟೀಚರಮ್ಮ ಮೈಸೂರಿನವರು, ಶಾಲೆಯಲ್ಲಿ ಕಲಿಸಿ ರಿಟೈರಾದವರು. ಅವರ ಮಗ ಇಲ್ಲಿ ಯಾವುದೋ ಆಫೀಸಿನಲ್ಲಿ ದೊಡ್ಡ ಕೆಲಸದಲ್ಲಿದ್ದಾನೆ. ಟೀಚರಮ್ಮನ ಕೊರಳಲ್ಲಿ ಹಸಿರು ಪಟ್ಟಿ ನೇತಾಡುತ್ತಿತ್ತು.

“ನಿಮ್ಮ ಮಗಳು ಬಹಳ ಬಲವಂತ ಮಾಡಿದ್ರು ಕಣ್ರೀ,” ಅಂದರು. “ನಂಗೇನು ಗೊತ್ತು, ಬೇಡಮ್ಮ ಅಂದೆ. ನಿಮ್ಮಷ್ಟು ಸ್ಪಷ್ಟವಾಗಿ ಯಾರು ಹೇಳ್ತಾರೆ ಆಂಟಿ ಅಂದ್ಬಿಟ್ರು.”

“ಹೌದಾ,” ಅಂದೆ. ಎರಡನೇ ಮಾಳಿಗೆ ಬಂತು. ಇಳಿದೆ.

ಅವರ ಕಥೆ ಕಟ್ಟಡಕ್ಕೆಲ್ಲ ಗೊತ್ತಿದೆ. ಎರಡು ವರ್ಷದ ಹಿಂದೆ ಅವರ ಗಂಡ ಬೆಳಿಗ್ಗೆ ಪೇಪರ್ ಓದುತ್ತಿದ್ದಾಗ ಪೇಪರು ಕೈಯಿಂದ ಜಾರಿತು, ಬಾಯಿ ಒಂದು ಕಡೆಗೆ ಹೋಯಿತು. ಟೀಚರಮ್ಮ ಸ್ಟವ್ ಆರಿಸಿ ಆಂಬುಲೆನ್ಸ್‌ಗೆ ಫೋನ್ ಮಾಡಿದರು. ಶುರುವಾದ ಕೆಲವೇ ಗಂಟೆಯೊಳಗೆ ಕೊಟ್ಟರೆ ಮಾತ್ರ ಫಲಿಸುವ ಇಂಜೆಕ್ಷನ್ ಹೊತ್ತಿಗೆ ಸರಿಯಾಗಿ ಬಿತ್ತು. ಈಗ ಆ ಮನುಷ್ಯ ದಿನಾ ಸಂಜೆ ಟೋಪಿ ಹಾಕಿಕೊಂಡು ಕೆಳಗಿನ ಅಂಗಡಿಗೆ ನಡೆದು ಹೋಗಿ ಕರಿಬೇವು ತರುತ್ತಾನೆ. ದಿನಾ ಕರಿಬೇವು ಯಾಕೆ ಬೇಕು? ಫ್ರಿಜ್ ಇಲ್ಲವಾ? ನಾನು ಬಾಲ್ಕನಿಯಲ್ಲಿ ಬಟ್ಟೆ ತೆಗೆಯುವಾಗ ಕಾಣುತ್ತಾನೆ. ಬಲಗಾಲು ಸ್ವಲ್ಪ ಎಳೆಯುತ್ತದೆ, ಅಷ್ಟೇ. ಒಮ್ಮೊಮ್ಮೆ ಬಟ್ಟೆ ಇಲ್ಲದಿದ್ದರೂ ನಾನು ಬಾಲ್ಕನಿಗೆ ಹೋಗುತ್ತೇನೆ.

ಅವತ್ತು ಸಂಜೆ ಮಗಳನ್ನು ನೇರ ಕೇಳಿದೆ. “ನನ್ನನ್ನು ಯಾಕೆ ಕೇಳ್ಲಿಲ್ಲ ನೀನು?”

“ಎಂತದಕ್ಕೆ?”

“ಕನ್ನಡದ ಸೀಟಿಗೆ.”

ಅವಳು ಲ್ಯಾಪ್‌ಟಾಪಿನಿಂದ ತಲೆ ಎತ್ತಿದಳು. “ನೀವು ಎಂತ ಹೇಳುದು ಉಮ್ಮ? ನಿಮ್ಮದು ಕಥೆ ಇಲ್ಲ ಅಲ್ಲ. ಉಪ್ಪ ಏರ್‌ಪೋರ್ಟಲ್ಲಿ ಬಿದ್ದದ್ದು, ಅಲ್ಲಿಂದ ಸೀದಾ ಆಸ್ಪತ್ರೆಗೆ ಹೋದದ್ದು. ಆದ್ರೂ ಉಳಿಸ್ಲಿಕ್ಕೆ ಆಗ್ಲಿಲ್ಲ ಕೈಕಾಲು. ನೀವು ಎಂತ ತಪ್ಪು ಮಾಡ್ಲಿಲ್ಲ. ಅದರಲ್ಲಿ ಜನರಿಗೆ ಕಲಿಲಿಕ್ಕೆ ಎಂತ ಉಂಟು?”

ನಾನು ಅಡಿಗೆ ಮನೆಗೆ ಹೋದೆ. ಆ ಸೀಟು ನನಗೇ ಸಿಗಬೇಕಿತ್ತು ಎಂದು ನನಗೆ ಗೊತ್ತಿತ್ತು. ಅದು ಸಿಗಬೇಕಾದರೆ ಹದಿನೈದು ವರ್ಷ ಮಗಳಿಗೆ ಹೇಳದ್ದನ್ನು ಹೇಳಬೇಕಾಗಿತ್ತು.

ಈಗ ನಿಮಗೆ ಹೇಳುತ್ತೇನೆ.

ಆಗಲೂ ನಾವಿದ್ದದ್ದು ಇದೇ ಓಲ್ಡ್ ಏರ್‌ಪೋರ್ಟಿನಲ್ಲಿ. ಆಗ ವಿಮಾನಗಳು ಇಲ್ಲೇ ನಮ್ಮ ತಲೆಯ ಮೇಲಿಂದ ಇಳಿಯುತ್ತಿದ್ದವು. ಗಂಡ ವಾರವಿಡೀ ಮೆಸಯೀದಿನ ಕಂಪೆನಿ ಕ್ವಾರ್ಟರ್ಸಿನಲ್ಲಿದ್ದು ರಜೆಗೆ ಮನೆಗೆ ಬರುತ್ತಿದ್ದರು. ಮಗಳು ಊರಲ್ಲಿ ಮೆಡಿಕಲ್ ಎರಡನೇ ವರ್ಷ ಓದುತ್ತಿದ್ದಳು. ಒಂದು ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ಗಂಡ ಜುಮ್ಮಾ ನಮಾಜಿಗೆಂದು ಅಂಗಿ ಹಾಕುತ್ತಿದ್ದರು. ಗುಂಡಿ ಹಾಕಲು ಆಗಲಿಲ್ಲ. ಬಲಗೈ ಗುಂಡಿಯ ಹತ್ತಿರ ಹೋಗುತ್ತಿತ್ತು, ಕೆಳಗೆ ಬೀಳುತ್ತಿತ್ತು. ನನ್ನನ್ನು ಕರೆದರು. ನನ್ನ ಹೆಸರು ಅರ್ಧ ಬಂತು, ಉಳಿದರ್ಧ ಬಾಯಲ್ಲೇ ಕೂತಿತು.

ಮೆಸಯೀದಿನಿಂದ ಅವರ ಇಬ್ಬರು ದೋಸ್ತಿಗಳು ನಮಾಜು ಮುಗಿಸಿ ನಮ್ಮಲ್ಲೇ ಊಟ ಮಾಡಲೆಂದು ಬೆಳಿಗ್ಗೆಯೇ ಬಂದಿದ್ದರು. ಮೂವರೂ ನೋಡಿದೆವು. ಲಕ್ವ ಎಂದು ಮೂವರಿಗೂ ಗೊತ್ತಾಯಿತು. ನಮ್ಮ ಜನಕ್ಕೆ ಇಲ್ಲಿ ಕಾಯಿಲೆ ಬಂದರೆ ಮೊದಲು ನೆನಪಾಗುವುದು ಡಾಕ್ಟರಲ್ಲ, ಟಿಕೆಟು. ಊರಲ್ಲಿ ಎಣ್ಣೆ ಹಾಕಿ ತಿಕ್ಕುವ ಒಬ್ಬ ಪಂಡಿತ ಇದ್ದ, ಇಂಥವರನ್ನು ಎಷ್ಟೋ ಮಂದಿಯನ್ನು ಎಬ್ಬಿಸಿ ಕೂರಿಸಿದ್ದಾನೆ ಎಂದು ಹೆಸರು. ಇಲ್ಲಿಯ ಆಸ್ಪತ್ರೆಗೆ ಹಾಕಿದರೆ ಕಂಪೆನಿಗೆ ಗೊತ್ತಾಗುತ್ತದೆ, ಅನ್‌ಫಿಟ್ ಅಂತ ಬರೆಯುತ್ತಾರೆ, ಖಲಾಸ್, ವೀಸಾ ಹೋಯಿತು. ಊರಿಗೆ ಹೋಗಿ ಗುಣವಾಗಿ ಬಂದರೆ ಯಾರಿಗೂ ಗೊತ್ತಿಲ್ಲ. ಮಧ್ಯಾಹ್ನ ಎರಡಕ್ಕೆ ವಿಮಾನ ಇತ್ತು. “ಕಳಿಸಿಬಿಡುವ,” ಅಂದದ್ದು ದೋಸ್ತಿಗಳಲ್ಲ. ನಾನು. ಅವರು ಟಿಕೆಟ್ ಮಾಡಿಸಲು ಓಡಿದರು.

ನಾನು ಬ್ಯಾಗ್ ಕಟ್ಟಲು ಕೂತೆ.

ಊರಿಗೆ ಹೋಗುವವನನ್ನು ಬರಿಗೈಯಲ್ಲಿ ಕಳಿಸುವುದುಂಟಾ? ಮೂವತ್ತು ಕಿಲೋ ಬಿಡುತ್ತಾರೆ, ಮೂವತ್ತು ಕಿಲೋ ತುಂಬಬೇಕು. ಹಾಲಿನ ಪುಡಿ ಎರಡು ಡಬ್ಬ. ಖರ್ಜೂರ. ಬಾದಾಮಿ. ಸಾಬೂನು ಒಂದು ಡಜನ್. ನೋವಿನ ಎಣ್ಣೆಯ ಬಾಟಲಿಗಳು, ಪ್ರತಿ ಮನೆಗೆ ಒಂದು. ನಾದಿನಿಗೆ ಕಂಬಳಿ. ಕೊಕ್ಕೆಯ ತಕ್ಕಡಿಗೆ ಸಿಕ್ಕಿಸಿ ಎತ್ತಿದೆ, ಮೂವತ್ತೆರಡೂವರೆ. ಕಂಬಳಿ ತೆಗೆದೆ. ಇಪ್ಪತ್ತೆಂಟು. ಇನ್ನೆರಡು ಸಾಬೂನು ಸೇರಿಸಿದೆ. ಕಂಬಳಿ ಇಲ್ಲದೆ ಹೋದರೆ ನಾದಿನಿ ಮುಖ ಊದಿಸುತ್ತಾಳೆಂದು ಬಾದಾಮಿ ತೆಗೆದು ಕಂಬಳಿ ಮತ್ತೆ ಹಾಕಿದೆ. ಅವರು ಸೋಫಾದಲ್ಲಿ ಒರಗಿ ಕೂತು ನೋಡುತ್ತಿದ್ದರು. ಎಡಗೈಯಿಂದ ಬಾದಾಮಿಯನ್ನು ತೋರಿಸಿದರು, ಅದನ್ನೂ ಹಾಕು ಎಂದು. ಅವರ ಅಕ್ಕನಿಗೆ ಬಾದಾಮಿ ಇಷ್ಟ. ನಾವಿಬ್ಬರೂ ಸೇರಿ ಕಟ್ಟಿದ ಬ್ಯಾಗು ಅದು.

ಏರ್‌ಪೋರ್ಟ್ ಐದು ನಿಮಿಷದ ದಾರಿ. ಮುಟ್ಟುವಾಗ ಹನ್ನೆರಡು ಕಾಲು. ಕೌಂಟರಿನ ಹುಡುಗಿ ಅವರ ಮುಖ ನೋಡಿ ಬೋರ್ಡಿಂಗ್ ಕೊಡುವುದಿಲ್ಲ ಎಂದಳು. ನಾನು ಅವಳ ಜೊತೆ ಜಗಳ ಮಾಡಿದೆ. ಆಗಲೇ ಅವರು ಬಿದ್ದದ್ದು. ಆಂಬುಲೆನ್ಸನ್ನು ಕರೆದವಳು ಆ ಹುಡುಗಿ. ಆಸ್ಪತ್ರೆಯಲ್ಲಿ ಯಾವಾಗ ಶುರುವಾಯಿತು ಎಂದು ಕೇಳಿದರು. ಈಗ, ಇಲ್ಲೇ, ಎಂದೆ. ಆಮೇಲೆ ಹೆದರಿಕೆಯಾಗಿ, ಬೆಳಿಗ್ಗೆಯಿಂದ ಸ್ವಲ್ಪ ಸುಸ್ತು ಇತ್ತು ಎಂದೆ. ಡಾಕ್ಟರು ನನ್ನ ಮುಖ ನೋಡಿದ, ಸ್ಕ್ಯಾನ್ ನೋಡಿದ. ಇಂಜೆಕ್ಷನ್ ಕೊಡಲಿಲ್ಲ.

ಊರಿಗೆ ಫೋನ್ ಮಾಡಿದಾಗ ಮಗಳಿಗೂ ಅದನ್ನೇ ಹೇಳಿದೆ: ರಜೆಗೆ ಹೊರಟಿದ್ದರು, ಏರ್‌ಪೋರ್ಟಲ್ಲಿ ಬಿದ್ದರು. ಒಮ್ಮೆ ಹೇಳಿದ್ದು ಹಾಗೇ ನಿಂತಿತು. ದೋಸ್ತಿಗಳು ನನ್ನ ಮರ್ಯಾದೆಗೆ ಬಾಯಿ ಬಿಡಲಿಲ್ಲ. ಊರಿಗೆ ಕರೆದುಕೊಂಡು ಹೋದೆ. ಒಂಬತ್ತು ವರ್ಷ ಅವರನ್ನು ಮಗ್ಗುಲು ಹೊರಳಿಸಿದೆ, ಉಣಿಸಿದೆ, ತೊಳೆದೆ. ಎಣ್ಣೆ ಪಂಡಿತನೂ ಬಂದು ಹೋದ. ಅವರು ತೀರಿಕೊಂಡ ಮೇಲೆ ಮಗಳಿಗೆ ಇಲ್ಲಿ ಕೆಲಸ ಸಿಕ್ಕಿತು, ನನ್ನನ್ನು ಕರೆಸಿಕೊಂಡಳು. ಬೇಗ ಹೋಗಿದ್ದರೆ ನಡೆಯುತ್ತಿದ್ದರಾ? ಯಾರಿಗೂ ಗೊತ್ತಿಲ್ಲ. ಆದರೆ ಕರಿಬೇವು ತರುವವನನ್ನು ನೋಡುವಾಗ ನನಗೆ ಗೊತ್ತಿದೆ ಅನ್ನಿಸುತ್ತದೆ.

ಮೆಸಯೀದಿನ ಕಾರ್ಯಕ್ರಮಕ್ಕೆ ನನ್ನನ್ನು ಯಾರೂ ಕರೆಯಲಿಲ್ಲ. ಚಾ ಫ್ಲಾಸ್ಕು ಹಿಡಿದು ನಾನೇ ಹೊರಟೆ. ಅಲ್ಲಿಯ ಚಾ ಕುಡಿಯಲಿಕ್ಕಾಗುವುದಿಲ್ಲ ಎಂದು ನೆವ ಹೇಳಿದೆ. ಮಗಳ ಕಾರಿನ ಮುಂದಿನ ಸೀಟಿನಲ್ಲಿ ಟೀಚರಮ್ಮ ಕೂತರು. ಹಿಂದೆ ನಾನು, ಪಕ್ಕದಲ್ಲಿ ಪೆಟ್ಟಿಗೆಯಲ್ಲಿ ರಬ್ಬರಿನ ಮಿದುಳು. ದಾರಿಯುದ್ದಕ್ಕೂ ಟೀಚರಮ್ಮ ಏಳು ನಿಮಿಷದ ಮಾತನ್ನು ಮಗಳಿಗೆ ಒಪ್ಪಿಸುತ್ತಿದ್ದರು. ಮಗಳು “ಸೂಪರ್ ಆಂಟಿ” ಅನ್ನುತ್ತಿದ್ದಳು. ನನ್ನ ಬಿರಿಯಾನಿಗೆ ಅವಳು ಯಾವತ್ತೂ ಸೂಪರ್ ಅಂದದ್ದಿಲ್ಲ.

ಗೇಟಿನಲ್ಲಿ ಮೊಹರಿನ ಕಾಗದ ತೋರಿಸಿದ ಮೇಲೆ ಒಳಗೆ ಬಿಟ್ಟರು. ಮೆಸ್ ಹಾಲಿನಲ್ಲಿ ಐವತ್ತು ಅರವತ್ತು ಜನ, ಡ್ಯೂಟಿ ಮುಗಿಸಿ ಸ್ನಾನ ಮಾಡಿ ಬಂದವರು. ಹೆಚ್ಚಿನವರು ನಮ್ಮ ಕರಾವಳಿಯವರೇ. ಮಗಳು ಮಿದುಳನ್ನು ಎರಡು ಹೋಳು ಮಾಡಿ ತೋರಿಸಿದಳು. ಆಮೇಲೆ ಟೀಚರಮ್ಮ ನಿಂತರು. ಚೆನ್ನಾಗಿ ಹೇಳಿದರು, ಸುಳ್ಳು ಯಾಕೆ ಬರೆಯಲಿ. ಮುಖ ವಾಲಿದೆಯಾ ನೋಡಿ, ಎರಡೂ ಕೈ ಎತ್ತಿಸಿ, ಮಾತಾಡಿಸಿ, ತಡ ಮಾಡದೆ ಆಂಬುಲೆನ್ಸ್ ಕರೆಯಿರಿ. ಹಲಗೆಯ ಮೇಲೆ ಬರೆದ ಹಾಗೆ ಒಂದೊಂದೇ ಮಾತು. ಜನ ಶಾಲೆಯಲ್ಲಿ ಕೂತ ಹಾಗೆ ಕೂತಿದ್ದರು, ಅಂದರೆ ಅರ್ಧ ಮಂದಿ ಬೆಂಚಿನ ಕೆಳಗೆ ಫೋನ್ ನೋಡುತ್ತಿದ್ದರು. ನನಗೆ ಒಳಗೊಳಗೇ ಖುಷಿಯಾಯಿತು. ಅದನ್ನೂ ಬರೆಯುತ್ತೇನೆ.

ಪ್ರಶ್ನೆ ಕೇಳಿ ಎಂದಾಗ ಎದುರಿನ ಸಾಲಿನಿಂದ ಗಡ್ಡ ನರೆತ ಒಬ್ಬ ಫೋರ್ಮನ್ ಎದ್ದ.

“ಟೀಚರೇ, ಒಂದು ಡೌಟ್. ಆಂಬುಲೆನ್ಸ್ ಎಲ್ಲ ಸರಿ. ಆದ್ರೆ ಮಂಗಳೂರಿಗೆ ನಾಲ್ಕು ಗಂಟೆಯ ಫ್ಲೈಟ್. ಟಿಕೆಟ್ ಮಾಡಿ ಕಳಿಸಿದ್ರೆ ಆಗುದಿಲ್ವಾ? ಅಲ್ಲಿ ಎಣ್ಣೆ ಹಾಕುವವರು ಇದ್ದಾರೆ, ಮನೆಯವರು ಇದ್ದಾರೆ. ಇಲ್ಲಿ ಆಸ್ಪತ್ರೆಯಲ್ಲಿ ಒಬ್ಬನೇ ಮಲಗಿ ಎಂತ ಮಾಡುದು?”

“ಪಾಯಿಂಟ್ ಉಂಟು,” ಅಂದ ಹಿಂದಿನಿಂದ ಒಬ್ಬ. “ಕಂಪೆನಿಗೆ ಗೊತ್ತಾದ್ರೆ ಯಲ್ಲಾ, ಹೊರಡು ಅಂತ ವೀಸಾಕ್ಕೆ ಎಕ್ಸಿಟ್ ಹೊಡೀತಾರೆ.”

ಇಡೀ ಹಾಲ್‌ಗೆ ಎಚ್ಚರವಾಯಿತು. ಫೋನುಗಳು ಜೇಬಿಗೆ ಹೋದವು.

“ಹಾಗೆಲ್ಲ ಮಾಡಬಾರದಪ್ಪ,” ಅಂದರು ಟೀಚರಮ್ಮ. “ಸಮಯ ವ್ಯರ್ಥ ಆಗತ್ತೆ. ವಿಮಾನ ಹತ್ತಿಸೋದು ಅಪಾಯ.”

“ನಿಮಗೆ ಮಗ ಇದ್ದಾನೆ ಟೀಚರೇ, ಫ್ಯಾಮಿಲಿ ವೀಸಾ ಉಂಟು,” ಅಂದ ಫೋರ್ಮನ್, ಮರ್ಯಾದೆಯಿಂದಲೇ. “ನಮಗೆ ಯಾರುಂಟು?”

ಟೀಚರಮ್ಮ ಕೈಯಲ್ಲಿದ್ದ ಚೀಟಿ ನೋಡಿದರು. ಮಗಳು ಬಾಯಿ ತೆರೆದಳು. ಅವಳಿಗಿಂತ ಮೊದಲು ನಾನು ಎದ್ದಿದ್ದೆ, ಫ್ಲಾಸ್ಕು ಕೈಯಲ್ಲೇ ಇತ್ತು.

ಒಳ್ಳೆಯದು ಮಾಡಬೇಕೆಂದು ಎದ್ದೆ ಎಂದು ಬರೆದರೆ ಚೆಂದ ಕಾಣುತ್ತದೆ. ಆದರೆ ನಾನು ಎದ್ದದ್ದು ಟೀಚರಮ್ಮನಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎಂದು.

“ನಾನು ಕಳಿಸಿದವಳು,” ಅಂದೆ. “ಟಿಕೆಟ್ ಮಾಡಿಸಿ ಕಳಿಸ್ಲಿಕ್ಕೆ ಹೊರಟವಳು. ನನ್ನ ಗಂಡ ಇದೇ ಮೆಸಯೀದಲ್ಲಿ ಇಪ್ಪತ್ತೆಂಟು ವರ್ಷ ಇದ್ದವರು. ಲಕ್ವ ಆದ ಮೇಲೆ ನಾನು ಎಂತ ಮಾಡಿದೆ ಗೊತ್ತುಂಟಾ? ಬ್ಯಾಗ್ ಕಟ್ಟಿದೆ.”

ಯಾರೋ ನಕ್ಕರು.

“ನಗಿ. ಹಾಲಿನ ಪುಡಿ ಎರಡು ಡಬ್ಬ ಹಾಕಿದೆ. ಸಾಬೂನು ಒಂದು ಡಜನ್.”

ಇನ್ನೂ ನಾಲ್ಕು ಜನ ನಕ್ಕರು. ಅವರಿಗೆಲ್ಲ ಆ ಬ್ಯಾಗು ಗೊತ್ತು, ಪ್ರತಿಯೊಬ್ಬನ ಮಂಚದ ಕೆಳಗೂ ಅರ್ಧ ತುಂಬಿದ ಒಂದು ಇದೆ.

“ತೂಕ ಮಾಡಿದ್ರೆ ಮೂವತ್ತೆರಡೂವರೆ. ಕಂಬಳಿ ತೆಗೆದೆ. ಪುನಃ ಹಾಕಿದೆ. ಅವರು ಅಲ್ಲೇ ಕೂತಿದ್ರು, ಬಾಯಿ ಒಂದು ಬದಿಗೆ. ನಾನು ಕಂಬಳಿ ತೂಗಿದೆ. ಒಂದೂವರೆ ಗಂಟೆ ಬ್ಯಾಗಿಗೇ ಹೋಯ್ತು. ಎಂಟೂವರೆಗೆ ಆದದ್ದು, ಹನ್ನೆರಡು ಕಾಲಿಗೆ ಏರ್‌ಪೋರ್ಟು. ಆಸ್ಪತ್ರೆಯಲ್ಲಿ ಈಗ ಆದದ್ದು ಅಂತ ಸುಳ್ಳು ಹೇಳಿದೆ. ಮನೆಯವರು ಇದ್ದಾರೆ ಅಂದ್ರಲ್ಲ ನೀವು, ನಾನೇ ಮನೆಯವಳು. ಮನೆಯವಳು ಹತ್ತಿರ ಇದ್ದೇ ಹೀಗೆ ಮಾಡಿದ್ದು. ಎಣ್ಣೆಯವನೂ ಬಂದ, ಒಂದು ವರ್ಷ ತಿಕ್ಕಿದ. ಒಂಬತ್ತು ವರ್ಷ ಅವರು ಒಂದು ಗುಂಡಿ ಹಾಕ್ಲಿಲ್ಲ. ಕಂಪೆನಿ ಎಕ್ಸಿಟ್ ಹೊಡೀತದೆ ಅಂತ ಹೆದರಿಕೆಯಾ? ಹೊಡೀಲಿ. ನಡ್ಕೊಂಡು ಎಕ್ಸಿಟ್ ಆಗಿ.”

ಫೋರ್ಮನ್ ಕೂತುಕೊಂಡ. ಆಮೇಲೆ ಅವನೇ ಎದ್ದು ಬಂದು ನನ್ನ ಕೈಯಿಂದ ಫ್ಲಾಸ್ಕು ತೆಗೆದು ಮೇಜಿನ ಮೇಲಿಟ್ಟ. “ಆಂಬುಲೆನ್ಸ್ ಕರೆದ್ರೆ ನಮ್ಮ ಭಾಷೆ ಗೊತ್ತಾಗ್ತದಾ ಅವರಿಗೆ?” ಎಂದು ನನ್ನನ್ನು ಕೇಳಿದ, ಟೀಚರಮ್ಮನನ್ನಲ್ಲ. “ಹಿಂದಿ ಗೊತ್ತಾಗ್ತದೆ,” ಅಂದೆ. ಮತ್ತೆ ಮೂರು ನಾಲ್ಕು ಜನ ಬಂದರು. ದೊಡ್ಡ ಸಂಘಕ್ಕೆ ಕಳಿಸಲಿಕ್ಕೆಂದು ಯಾರೋ ಫೋಟೋ ತೆಗೆದರು. ನಾನು ಮಗಳ ಕಡೆ ನೋಡಲಿಲ್ಲ. ಅವಳು ಮಿದುಳಿನ ಎರಡು ಹೋಳನ್ನು ಜೋಡಿಸುತ್ತಿದ್ದಳು, ಅದು ಕೂರುತ್ತಿರಲಿಲ್ಲ.

ವಾಪಸು ಬರುವಾಗಲೂ ನಾನು ಕಾರಿನ ಹಿಂದಿನ ಸೀಟಿನಲ್ಲೇ, ಮಿದುಳಿನ ಪೆಟ್ಟಿಗೆಯ ಪಕ್ಕ. ಅಲ್ ವಕ್ರಾ ದಾಟಿದ ಮೇಲೆ ಮಗಳು ಕನ್ನಡಿಯಲ್ಲಿ ನನ್ನನ್ನು ನೋಡಿದಳು.

“ಎಂಟೂವರೆ ಅಂತ ನಿಮಗೆ ಗ್ಯಾರಂಟಿ ಉಂಟಾ?”

ಡಾಕ್ಟರುಗಳು ಮೊದಲು ಕೇಳುವ ಪ್ರಶ್ನೆಯಂತೆ ಅದು. ಯಾವಾಗ ಶುರುವಾಯಿತು.

“ಉಂಟು,” ಅಂದೆ. “ರೇಡಿಯೋದಲ್ಲಿ ಆಗಷ್ಟೇ ವಾರ್ತೆ ಮುಗಿದಿತ್ತು.”

ಆಮೇಲೆ ಹನ್ನೊಂದು ದಿನ ಅವಳು ನನ್ನೊಡನೆ ಆಡಿದ್ದು ಉಪ್ಪು ಕೊಡಿ, ಮಕ್ಕಳನ್ನು ಎಬ್ಬಿಸಿ, ಅಷ್ಟೇ. ಅತ್ತುಬಿಟ್ಟರೆ ಒಳ್ಳೆಯದು ಎಂದು ಕಾದೆ. ಅಳಲಿಲ್ಲ. ನನ್ನ ಮಗಳಲ್ಲವಾ. ಹನ್ನೆರಡನೇ ದಿನ ಊಟದ ಮೇಜಿನ ಮೇಲೆ ದೊಡ್ಡ ಸಂಘದ ಫಾರಂ ಇತ್ತು, ಮುಂದಿನ ತರಬೇತಿಯದು. ಪ್ರತಿ ಸಲ ಹೆಸರು ಹೊಸದಾಗಿ ಬರೆದು ಕಳಿಸಬೇಕು, ಕನ್ನಡಕ್ಕೆ ಈಗಲೂ ಒಂದೇ ಸೀಟು. ನನಗೆ ಇಂಗ್ಲಿಷ್ ಬರುವುದಿಲ್ಲ, ನನ್ನ ಹೆಸರು ಇಂಗ್ಲಿಷಿನಲ್ಲಿ ಹೇಗೆ ಕಾಣುತ್ತದೆ ಎಂದು ಮಾತ್ರ ಗೊತ್ತಿದೆ. ಅದು ಅಲ್ಲಿತ್ತು.

“ಏಳು ನಿಮಿಷಕ್ಕಿಂತ ಹೆಚ್ಚು ಹೇಳ್ಲಿಕ್ಕಿಲ್ಲ,” ಅಂದಳು ಅವಳು, ಬೆನ್ನು ತಿರುಗಿಸಿಕೊಂಡು ಪಾತ್ರೆ ತೊಳೆಯುತ್ತಾ. “ಬ್ಯಾಗಿನ ವಿಷಯ ಬಿಡ್ಬೇಡಿ.”

ಎರಡು ದಿನ ಬಿಟ್ಟು ಟೀಚರಮ್ಮ ಬಾಗಿಲು ಬಡಿದರು. ಲಿಫ್ಟು ಕೆಟ್ಟಿತ್ತು, ಮೆಟ್ಟಿಲಿಳಿದು ಬಂದಿದ್ದರು. ಕೈಯಲ್ಲಿ ಹಸಿರು ಪಟ್ಟಿಯ ಬ್ಯಾಡ್ಜು. ಹಿಂದೆ ಅವರ ಗಂಡ, ಗೋಡೆ ಹಿಡಿಯದೆ.

“ತಗೊಳ್ಳಿ, ಇದು ಇನ್ಮೇಲೆ ನಿಮ್ದಂತೆ,” ಅಂದರು. ಮುಖ ಗಂಟಾಗಿತ್ತು. “ನಾನು ಬೇಜಾರೇನೂ ಮಾಡ್ಕೊಂಡಿಲ್ಲ. ನಿಮ್ಮ ಕಥೆ ಮುಂದೆ ನಂದೇನ್ರೀ ಕಥೆ? ನಮ್ಮೆಜಮಾನ್ರು ನಡೀತಾರೆ. ನಡೆಯೋರ ಕಥೆ ಯಾರಿಗೆ ಬೇಕು?”

ಅದನ್ನು ಅವರು ದೂರಿನ ಹಾಗೆ ಹೇಳಿದರು. ಅವರ ಹೊಟ್ಟೆಯಲ್ಲೂ ಕಿಚ್ಚು ಉರಿಯುತ್ತಿತ್ತು, ನನಗೆ ಆ ವಾಸನೆ ಚೆನ್ನಾಗಿ ಗೊತ್ತಿದೆ. ಅವರ ಗಂಡ ಹಿಂದೆ ನಿಂತು, ಏನು ನಡೆಯುತ್ತಿದೆ ಎಂದು ತಿಳಿಯದೆ, ಅಂಗಿಯ ಮೇಲಿನ ಗುಂಡಿ ಬಿಚ್ಚಿ ಗಾಳಿ ಹಾಕಿಕೊಂಡ. ಆಮೇಲೆ ಬಲಗೈಯಿಂದಲೇ ಗುಂಡಿಯನ್ನು ಮತ್ತೆ ಹಾಕಿಕೊಂಡ.

ನಾನು ಬ್ಯಾಡ್ಜು ತೆಗೆದುಕೊಂಡೆ. ನಿಮ್ಮ ಕಥೆ ನನಗೆ, ನನ್ನದು ನಿಮಗೆ, ಬದಲಾಯಿಸಿಕೊಳ್ಳೋಣವಾ ಎಂದು ಬಾಯಿಯ ತನಕ ಬಂತು. ಕೇಳಲಿಲ್ಲ.

“ಒಳಗೆ ಬನ್ನಿ,” ಅಂದೆ. “ಚಾ ಉಂಟು.”